ಗೋಡೆಯ ಎಂಟು ಬೆರಳು

ಸೆಪ್ಟೆಂಬರ್ ೪, ಬೆಳಗ್ಗೆ ೭:೪೦

ಇವತ್ತು ಒಂಬತ್ತು ಮೊಣಕಾಲು, ಆರು ಕಣಕಾಲು, ಒಂದು ಸೊಂಟ. ಟೇಪಿನ ನಾಲ್ಕು ಸುರುಳಿ ಮುಗಿದವು. ಐಸ್ ಮೆಷಿನ್ ಮತ್ತೆ ಮುನಿಸಿಕೊಂಡಿದೆ. ಕೋಚ್ ಬಾಗಿಲಲ್ಲಿ ನಿಂತು, ಬಾಯಿಂದ ಸೀಟಿ ತೆಗೆಯದೆಯೇ ಏನೋ ಕೇಳಿದರು. ಇಪ್ಪತ್ತನಾಲ್ಕು ವರ್ಷದಿಂದ ಈ ಟೀಮಿನ ಫಿಸಿಯೋ ನಾನು, ಸೀಟಿಯ ಭಾಷೆಯೂ ಬರುತ್ತದೆ. ಗೋಡೆ ಇನ್ನೂ ಎಷ್ಟು ಹೊತ್ತು ಎಂದು.

ಕೊನೆಗೆ ಕೂರುವವಳು ಯಾವಾಗಲೂ ಅವಳೇ. ನಮ್ಮ ಕ್ಯಾಪ್ಟನ್. ಆರಡಿ ಒಂದಿಂಚು. ವಾಲಿಬಾಲ್ ನೆಟ್ಟಿನ ಮೇಲೆ ಎರಡು ಕೈ ಎತ್ತಿದಳೆಂದರೆ ಎದುರಿನವರಿಗೆ ಲೈಟೇ ಕಾಣಿಸದು, ಅದಕ್ಕೇ ಗೋಡೆ. ಹದಿನೈದಕ್ಕೆ ಬಂದಾಗ ಬರೀ ಕಾಲು, ಮೇಲೆ ಎರಡು ಜಡೆ. ಈಗ ಮೂವತ್ತೊಂದು. ಹದಿನಾರು ವರ್ಷದಿಂದ ಈ ಬೆರಳುಗಳಿಗೆ ಟೇಪ್ ಸುತ್ತುತ್ತಿದ್ದೇನೆ. ಹೆಬ್ಬೆರಳು ಬಿಟ್ಟು ಎಂಟು. ಯಾವುದು ಯಾವಾಗ ಮುರಿಯಿತು, ಯಾವುದು ಎಷ್ಟು ಸಲ ಉಳುಕಿತು, ನನಗೆ ಬಾಯಿಪಾಠ. ಅವಳಿಗೇ ನೆನಪಿಲ್ಲ.

ಟೇಪ್ ಸುತ್ತುವಾಗ ತಲೆ ತಿನ್ನುವವಳು ಇವತ್ತು ಬರೀ ಫೋನು ತಿರುವುತ್ತಿದ್ದಳು. ಅದರಲ್ಲಿ ಒಂದು ಫೋಟೋ ತೋರಿಸಿದಳು. ಸರ್ಕಾರಿ ಆಸ್ಪತ್ರೆಯ ಗೇಟು. ಪೊಲೀಸ್ ವ್ಯಾನು ಹತ್ತುತ್ತಿರುವ ನರ್ಸ್‌ಗಳು, ಎಂಟು ಜನ. ಒಬ್ಬೊಬ್ಬರ ಪಾಲಿಗೆ ಅರವತ್ತು ಹಾಸಿಗೆ, ಇನ್ನಷ್ಟು ಜನ ಕೊಡಿ ಎಂದು ಗೇಟಿನಲ್ಲಿ ಕೂತಿದ್ದರು. ಆಸ್ಪತ್ರೆಯವರು ಮುಷ್ಕರ ಮಾಡುವಂತಿಲ್ಲ ಎಂದು ಹೋದ ತಿಂಗಳು ಹೊಸ ಆದೇಶ ಬಂದಿದೆ. ಒಳಗೆ ಹಾಕಿದರು.

"ಇವರನ್ನ ನೋಡಿ ಅಕ್ಕ," ಎಂದು ಕೊನೆಯವಳ ಮುಖ ದೊಡ್ಡದು ಮಾಡಿದಳು. "ಮಂಡಿ ಆಪರೇಷನ್ ಆದಾಗ ನನ್ನ ನಡೆಸಿದ್ರಲ್ಲ."

ಮರೆಯುವುದುಂಟೆ. ಗಿಡ್ಡ ಹೆಂಗಸು. ಇವಳ ಮೊಣಕೈಗೂ ಬರುತ್ತಿರಲಿಲ್ಲ. "ಬಾರೇ ಲೈಟ್ ಕಂಬ, ಇನ್ನೊಂದು ಹೆಜ್ಜೆ ಹಾಕು" ಎಂದು ಬೈದು ಬೈದು ಕಾರಿಡಾರ್ ಪೂರ್ತಿ ನಡೆಸಿದ್ದಳು. ಡಾಕ್ಟರು ಇನ್ನು ಆಟ ಬಿಡಿ ಎಂದಿದ್ದ ಮಂಡಿ ಅದು. ಆ ಬಾಯಿಯ ಕಾಟಕ್ಕೇ ಎದ್ದು ನಿಂತಿತು.

ಸೆಪ್ಟೆಂಬರ್ ೭, ಸಂಜೆ ೪

ನಾಳೆ ಲೀಗ್ ಮ್ಯಾಚು. ಎಲ್ಲರೂ ಹೋದ ಮೇಲೆ ಬಂದು ಬೆಂಚಿನ ಮೇಲೆ ಕೂತಳು.

"ಅಕ್ಕ, ನಾಳೆ ಟೇಪಿನ ಮೇಲೆ ಅವರ ಹೆಸರು ಬರೀತೀರಾ? ಎಂಟು ಜನ, ಎಂಟು ಬೆರಳು."

"ಯಾರಿಗೆ ತೋರಿಸೋಕೆ?"

"ಯಾರಿಗೂ ಅಲ್ಲ. ಕೈ ಎತ್ತಿದಾಗ ನನಗೆ ಕಂಡ್ರೆ ಸಾಕು."

"ರೂಲ್ ಗೊತ್ತಿದೆ ತಾನೆ?"

"ನಿಮ್ಮ ಬಾಗಿಲಿಗೇ ಅಂಟಿಸಿದಾರಲ್ಲ."

ಅಂಟಿಸಿದ್ದಾರೆ. ಮೈಮೇಲಾಗಲಿ ಬಟ್ಟೆ ಮೇಲಾಗಲಿ ರಾಜಕೀಯದ ಬರಹ ಕೂಡದು, ಫೆಡರೇಷನ್ನಿನ ಸೀಲು ಸಮೇತ. ನಾನು ದಿನಾ ಅದರ ಮೇಲೆ ಟವೆಲ್ ನೇತು ಹಾಕುತ್ತೇನೆ.

ಮೊದಲು ಬೇಡ ಎಂದೆ. ಕಾರಣ ಕೇಳಲಿಲ್ಲ, ಮುಖವನ್ನೂ ಊದಿಸಿಕೊಳ್ಳಲಿಲ್ಲ, "ಸರಿ ಅಕ್ಕ" ಎಂದು ಎದ್ದಳು. ಜಗಳ ಆಡಿದ್ದರೆ ಒಪ್ಪುತ್ತಿರಲಿಲ್ಲವೇನೋ. ಬಾಗಿಲ ತನಕ ಹೋದವಳನ್ನು ನಾನೇ ಕರೆದೆ.

ಸೆಪ್ಟೆಂಬರ್ ೮, ಸಂಜೆ ೬

ನನ್ನ ಕೈಗೆ ಬರೆ ಹಾಕಬೇಕು.

ಬೆಳಗ್ಗೆ ಬರೆಯಲು ಕೂತರೆ ಡ್ರಾಯರಿನ ಪೆನ್ನು ಒಣಗಿತ್ತು. ಕೈಚೀಲದಲ್ಲಿ ನಮ್ಮ ಯಜಮಾನರ ಅಂಗಡಿಯ ನೀಲಿ ಪೆನ್ನು ಸಿಕ್ಕಿತು. ಇವರು ಹೊಲಿಗೆ ಮೆಷಿನ್ ರಿಪೇರಿಯವರು, ನನ್ನ ಚೀಲದಲ್ಲಿ ಸೂಜಿ, ಬಾಬಿನ್, ಏನಿಲ್ಲ ಏನುಂಟು. ಪೆನ್ನು ಹಿತವಾಗಿ ಬರೆಯುತ್ತಿತ್ತು. ಚಿಕ್ಕ ಅಕ್ಷರ, ದೂರದಿಂದ ನೋಡಿದರೆ ಬರೀ ಗೆರೆ. ಎಂಟೂ ಬೆರಳು ತಿರುಗಿಸಿ ನೋಡಿ, "ಬ್ಯೂಟಿಫುಲ್" ಎಂದಳು.

ಎರಡನೇ ಸೆಟ್ಟಿನ ಹೊತ್ತಿಗೆ ಬಾಲು ನೀಲಿ.

ರೆಫರಿ ಆಟ ನಿಲ್ಲಿಸಿ ಬಾಲು ಬದಲಿಸಿದರು. ಅದೂ ನೀಲಿಯಾಯಿತು. ಎದುರು ಟೀಮಿನ ಹುಡುಗಿಯರ ಮುಂಗೈಯೆಲ್ಲ ನೀಲಿ. ಅವರ ಕೋಚ್ ಬಾಲು ಮೂಸಿ ನೋಡಿ, ಏನೋ ಬಳಿದಿದ್ದಾರೆ ಎಂದು ಗುಲ್ಲೆಬ್ಬಿಸಿದ. ರೆಫರಿ ಒಬ್ಬೊಬ್ಬರ ಕೈ ನೋಡುತ್ತ ಬಂದರು. ಹಿಂದೆಯೇ ಟೀವಿ ಕ್ಯಾಮೆರಾ. ಇವಳ ಕೈ ಹಿಡಿದು ಎತ್ತಿದರು—ಎಂಟು ಹೆಸರು, ನೀರಲ್ಲಿ ಕಲಸಿದ ಹಾಗೆ ಹರಡಿಕೊಂಡು, ಆದರೂ ಓದಲು ಬರುವಷ್ಟು. ದೊಡ್ಡ ಸ್ಕ್ರೀನಿನ ಮೇಲೆ ಒಂದೊಂದು ಬೆರಳೂ ಒಬ್ಬೊಬ್ಬ ಆಳಿನಷ್ಟು ಉದ್ದ.

ಮನೆಗೆ ಬಂದು ಪೆನ್ನು ತೋರಿಸಿದೆ. ಇವರು ತಲೆ ಮೇಲೆ ಕೈ ಹೊತ್ತರು.

"ನಿನ್ನ ಬುದ್ಧಿಗಿಷ್ಟು! ಇದು ಬಟ್ಟೆ ಮೇಲೆ ಗುರುತು ಹಾಕೋ ಪೆನ್ನು ಕಣೆ. ನೀರು ತಾಗಿದ್ರೆ ಬಿಟ್ಕೋಬೇಕು ಅಂತಲೇ ಮಾಡಿರೋದು. ಬೆವರೋ ಕೈಗೆ ಇದನ್ನ ಯಾರಾದ್ರೂ ಹಚ್ತಾರಾ?"

ನಾನು ಹಚ್ಚಿದೆ. ಒಳ್ಳೆಯ ಪೆನ್ನಾಗಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅವಳು ತನಗಾಗಿ ಇಟ್ಟುಕೊಂಡಿದ್ದನ್ನು ಊರಿಗೆಲ್ಲ ಸಾರಿದ್ದು ನಾನು.

ಸೆಪ್ಟೆಂಬರ್ ೯, ಬೆಳಗ್ಗೆ ೮:೧೫

ನಿನ್ನೆ ಮೈಕು ಹಿಡಿದವರು ಯಾರು ಬರೆದದ್ದು ಎಂದು ಕೇಳಿದ್ದಾರೆ. "ನಾನೇ" ಎಂದಿದ್ದಾಳೆ. ಮೈಕು ಕಂಡರೆ "ಎಲ್ಲಾ ಟೀಮಿನ ಶ್ರಮ" ಎಂದು ಜಾರಿಕೊಳ್ಳುವ ಹುಡುಗಿ ನಾಲ್ಕು ನಿಮಿಷ ಮಾತಾಡಿದಳು. ಅರವತ್ತು ಹಾಸಿಗೆ, ಆ ಆದೇಶ, ಆ ಗೇಟು—ಎಲ್ಲ. ತೊದಲಿದಳು, ಒಂದು ಕಡೆ ಅಂಕಿ ತಪ್ಪಿ ಹೇಳಿ ತಿದ್ದಿಕೊಂಡಳು. ನಾನು ಮೂರು ಸಲ ನೋಡಿದೆ. ಇವರು ಐದು ಸಲ.

ಬೆಳಗ್ಗೆ ಅವಳು ಬಂದಾಗ ಅತ್ತುಬಿಟ್ಟೆ. ಐವತ್ತೊಂದು ವರ್ಷದ ಹೆಂಗಸು, ಐಸ್ ಮೆಷಿನ್ನಿಗೆ ಒರಗಿಕೊಂಡು.

"ನನ್ನಿಂದ ಆಯ್ತಲ್ಲೇ."

"ಆ ಕೋಚ್ ಮುಖ ನೋಡಿದ್ರಾ ಅಕ್ಕ? ನೀಲಿ ಮೂಗು!" ಎಂದು ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ನನ್ನ ಭುಜ ಹಿಡಿದಳು. ಬಗ್ಗಬೇಕು ಪಾಪ, ಅಷ್ಟು ಎತ್ತರದಿಂದ. "ನನಗೆ ಮಾತ್ರ ಕಂಡ್ರೆ ಸಾಕು ಅಂದಿದ್ನಲ್ಲ, ಅದು ಹೆದರಿಕೆಗೆ ಹೇಳಿದ್ದು. ನೀವು ನನ್ನ ಹೆದರಿಕೆ ತೊಳೆದುಬಿಟ್ರಿ, ಅಷ್ಟೇ. ಸುಮ್ನೆ ಅಳಬೇಡಿ, ಕಣಕಾಲು ನೋಯ್ತಿದೆ."

ಸೆಪ್ಟೆಂಬರ್ ೧೫, ರಾತ್ರಿ ೯

ಎರಡನೇ ಮ್ಯಾಚು. ಇವರೇ ಬೇರೆ ಪೆನ್ನು ತಂದುಕೊಟ್ಟರು. "ಕುದಿಯೋ ನೀರಲ್ಲಿ ಒಗೆದ್ರೂ ಹೋಗಲ್ಲ. ಬೆನ್ನ ಮೇಲೂ ಬರೆದುಕೊಳ್ಳಲಿ ಬೇಕಾದ್ರೆ." ಇವಳೆಂದರೆ ಇವರಿಗೆ ಪ್ರಾಣ. ಈ ಉದ್ದದ ಪ್ಯಾಂಟು ಯಾವ ಅಂಗಡಿಯಲ್ಲೂ ಸಿಗುವುದಿಲ್ಲವೆಂದು, ಅವಳ ಎಲ್ಲ ಟ್ರ್ಯಾಕ್ ಪ್ಯಾಂಟಿಗೂ ಕೆಳಗೆ ಆರಿಂಚು ಪಟ್ಟಿ ಕೂಡಿಸಿಕೊಡುವವರು ಇವರೇ.

ಫೆಡರೇಷನ್ನಿನ ಎಚ್ಚರಿಕೆ ಪತ್ರ ಬಂದಿತ್ತು. ಗೊತ್ತಿದ್ದೂ ಕೈ ಚಾಚಿದಳು. ಗೊತ್ತಿದ್ದೂ ಬರೆದೆ. ಈ ಸಲ ದಪ್ಪ ಅಕ್ಷರದಲ್ಲಿ.

ಗೆದ್ದೆವು. ನೆಟ್ಟಿನ ಮೇಲೆ ಅವಳೊಬ್ಬಳೇ ತಡೆದದ್ದು ಒಂಬತ್ತು ಬ್ಲಾಕ್, ಸೀಸನ್ನಿನಲ್ಲೇ ಹೆಚ್ಚು. ಮುಗಿದ ಮೇಲೆ ಬಟ್ಟೆ ಬದಲಿಸದೆ ಆಸ್ಪತ್ರೆ ಗೇಟಿಗೆ ಹೋಗಿ, ಅಲ್ಲಿ ಕೂತಿದ್ದ ನರ್ಸ್‌ಗಳ ಮನೆಯವರ ಜೊತೆ ಕೂತಳು. ನಾನೂ ಹೋದೆ. ಒಬ್ಬ ನರ್ಸಿನ ಅತ್ತೆಗೆ ಬೆನ್ನುನೋವು, ನಾಲ್ಕು ವ್ಯಾಯಾಮ ಹೇಳಿಕೊಟ್ಟೆ. ಆಮೇಲೆ ಸಾಲು ಹಿಡಿದು ಬಂದರು, ಭುಜ, ಕತ್ತು, ಹಿಮ್ಮಡಿ. ಹೋರಾಟಕ್ಕೆ ಹೋಗಿ ಕ್ಲಿನಿಕ್ ತೆರೆದು ಬಂದೆ ಎಂದು ಇವರ ಗೇಲಿ.

ಸೆಪ್ಟೆಂಬರ್ ೨೭, ಬೆಳಗ್ಗೆ ೬:೩೦

ಇವರು ಪೇಪರ್ ಹಿಡಿದು ಬಚ್ಚಲ ಬಾಗಿಲ ತನಕ ಓಡಿ ಬಂದರು. "ಲೇ, ಬಲಗೈ ತೋರುಬೆರಳು, ಬಲಗೈ ಕಿರುಬೆರಳು ಬಿಡುಗಡೆ!"

ನಾವೀಗ ಹಾಗೇ ಕರೆಯುವುದು. ಆ ಎರಡು ಟೇಪು ಇವತ್ತಿನಿಂದ ಬಿಳಿ. ಉಳಿದವರು ಆರು. ಊರಲ್ಲಿ ಬೇರೆ ಆಟಗಾರರೂ ಬಾಯಿ ಬಿಡುತ್ತಿದ್ದಾರೆ, ಓಟದವನೊಬ್ಬ, ಈಜುವವರಿಬ್ಬರು. ಆದೇಶ ಹಿಂದಕ್ಕೆ ಪಡೆಯಿರಿ ಎಂಬ ಅರ್ಜಿಗೆ ಎಲ್ಲರ ಸಹಿ ಇವಳೇ ಹಾಕಿಸುತ್ತಿದ್ದಾಳೆ. ಪ್ರಾಕ್ಟೀಸ್ ಮುಗಿಸಿ ಬಸ್ಸಿನಲ್ಲಿ ತಿರುಗುತ್ತಾಳೆ, ತಲೆ ಬಸ್ಸಿನ ಸೂರಿಗೆ ತಾಗುತ್ತದೆ.

ಮಂಡಿಗೆ ರೆಸ್ಟು ಬೇಕು ಎಂದರೆ ಕಿವಿಗೇ ಹಾಕಿಕೊಳ್ಳುವುದಿಲ್ಲ.

ಅಕ್ಟೋಬರ್ ೫

ಹೊರ ಊರಿನ ಮ್ಯಾಚು. ಅವಳು ಸರ್ವ್ ಮಾಡಲು ಹೋದಾಗಲೆಲ್ಲ ಒಂದು ಮೂಲೆಯವರ ಕೂಗಾಟ. "ಆಟ ಆಡೋಕೆ ಬಂದಿದೀಯಾ, ಭಾಷಣಕ್ಕಾ?" ನೀರಿನ ಬಾಟಲಿ ತೂರಿ ಬಂತು. ಅವಳಿಗೆ ತಾಗಲಿಲ್ಲ, ಕೋಚ್‌ಗೆ ತಾಗಿತು. ಸೋತೆವು. ಬಸ್ಸಿನಲ್ಲಿ ಹುಡುಗಿಯರು ಎರಡು ಪಾಲು. "ನಿನ್ನಿಂದ ನಮಗೂ ಬಾಟಲಿ" ಎಂದು ಒಬ್ಬಳು ಅಂದಳು. ಗೋಡೆ ಕಿಟಕಿಗೆ ಹಣೆ ಇಟ್ಟು ಕೂತಳು. ಅವಳ ಹಿಮ್ಮಡಿಗೆ ಐಸ್ ಕಟ್ಟುವ ನೆಪದಲ್ಲಿ ದಾರಿ ಪೂರ್ತಿ ಕಾಲ ಬಳಿಯೇ ಕೂತಿದ್ದೆ.

ಅಕ್ಟೋಬರ್ ೧೧, ಬೆಳಗ್ಗೆ ೧೧

ಕೋಚ್ ಬಂದರು. ಸೀಟಿ ಬಾಯಲ್ಲಿರಲಿಲ್ಲ, ಕೈಯಲ್ಲಿತ್ತು. ಆಗಲೇ ಗೊತ್ತಾಯಿತು.

ನವೆಂಬರಿನ ಅಂತರರಾಷ್ಟ್ರೀಯ ಕಪ್ ಪಂದ್ಯಾವಳಿಗೆ ದೇಶದ ಟೀಮಿನ ಪಟ್ಟಿ ಸಿದ್ಧ. ಅವಳ ಹೆಸರಿನ ಮುಂದೆ ಪೆನ್ಸಿಲ್ ಗುರುತು. ಹದಿನೆಂಟನೇ ತಾರೀಖು ಫೆಡರೇಷನ್ನಿನ ವಿಚಾರಣೆ. ತಪ್ಪಿತಸ್ಥೆ ಎಂದರೆ ಎರಡು ವರ್ಷ ನಿಷೇಧ.

ಎರಡು ವರ್ಷ. ಆ ಮಂಡಿಯನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಎರಡು ವರ್ಷ ಬಿಟ್ಟು ಅದು ಮತ್ತೆ ಎಗರುವುದಿಲ್ಲ. ನಾಲ್ಕು ವರ್ಷದ ಹಿಂದಿನ ಕಪ್ ಅವಳಿಗೆ ಆಪರೇಷನ್ನಿನಲ್ಲಿ ತಪ್ಪಿತು. ವಾಕರ್ ಹಿಡಿದು ಟೀವಿ ಮುಂದೆ ನಿಂತು, ರಾಷ್ಟ್ರಗೀತೆಗೆ ಒಬ್ಬಳೇ ಬಾಯಾಡಿಸುತ್ತಿದ್ದಳು. ಕ್ಯಾಪ್ಟನ್ನಾಗಿ ಆಡಬೇಕೆಂದು ಆವತ್ತಿನಿಂದ ಕಾದ ಕಪ್ ಇದು. ಇದೊಂದೇ.

ಅಕ್ಟೋಬರ್ ೧೨, ಸಂಜೆ ೫

ಫೆಡರೇಷನ್ ಸೆಕ್ರೆಟರಿ ನನ್ನೊಬ್ಬಳನ್ನೇ ಕರೆಸಿದರು. ಮೆತ್ತನೆಯ ಮನುಷ್ಯ, ತಾವೇ ಟೀ ಬಗ್ಗಿಸಿ ಕೊಟ್ಟರು. ಮೇಜಿನ ಮೇಲೆ ಅವಳ ಬಲಗೈಯ ಫೋಟೋ.

"ನಿಮ್ಮ ಕ್ಯಾಪ್ಟನ್ ನಾನೇ ಬರೆದದ್ದು ಅಂತಾಳೆ. ಬಲಗೈಯವರು ಎಡಗೈಲಿ ಹೀಗೆ ಮುತ್ತು ಪೋಣಿಸಿದ ಹಾಗೆ ಬರೆಯೋಕೆ ಆಗುತ್ತಾ ಮೇಡಂ?"

ನಾನು ಟೀ ಕುಡಿದೆ.

"ನಿಮ್ಮ ರಿಪೋರ್ಟುಗಳನ್ನ ಇಪ್ಪತ್ತು ವರ್ಷದಿಂದ ಓದ್ತಿದೀನಿ. ಅಕ್ಷರ ಗೊತ್ತಾಗಲ್ವಾ? ನೋಡಿ, ನನಗೂ ಅವಳು ಕಪ್ ಆಡಬೇಕು. ನೀವು ಬರೆದುಕೊಡಿ. ಇದೆಲ್ಲ ನಿಮ್ಮ ಯೋಚನೆ, ಚಿಕ್ಕಂದಿನಿಂದ ನೋಡಿಕೊಂಡವರು, ಇಲ್ಲ ಅನ್ನೋಕೆ ಆಗದೆ ಕೈ ಕೊಟ್ಟಳು, ನೀವು ಹೇಳಿದ್ದನ್ನೇ ಮೈಕಲ್ಲಿ ಹೇಳಿದಳು. ತಲೆ ನಿಮ್ಮದು, ಅವಳದು ಬರೀ ಕೈ. ನೀವು ಕೆಲಸ ಬಿಡ್ತೀರಿ, ಅವಳು ಆಡ್ತಾಳೆ."

ಬಸ್ಸಿನಲ್ಲಿ ಬರುತ್ತ ಮನಸ್ಸು ಹಗುರವಾಗಿತ್ತು. ಎಷ್ಟು ಸುಲಭ! ಬರೆದದ್ದು ನಾನೇ ತಾನೆ? ಆ ಪೆನ್ನು ತಂದದ್ದೂ ನಾನೇ. ಮುಕ್ಕಾಲು ಪಾಲು ನಿಜ, ಕಾಲು ಪಾಲು ಸುಳ್ಳು.

ಅಕ್ಟೋಬರ್ ೧೩, ಬೆಳಗ್ಗೆ ೯

ಹೇಳಬಾರದಿತ್ತು. ನನ್ನ ಬಾಯಲ್ಲಿ ಯಾವುದು ನಿಲ್ಲುತ್ತದೆ?

ಎಡಗೈ ಸುತ್ತುತ್ತಿದ್ದೆ. ಅರ್ಧಕ್ಕೇ ಕೈ ಎಳೆದುಕೊಂಡಳು.

"ಅಂದ್ರೆ ನನಗೆ ತಲೆ ಇಲ್ಲ ಅಂತ ಬರೆದುಕೊಡ್ತೀರಾ?"

"ನೀನು ಆಡ್ತೀಯಲ್ಲೇ, ಅಷ್ಟು ಸಾಕು ನನಗೆ."

"ನಿಮಗೆ ಸಾಕು. ಅವರಿಗೆ? ಗೇಟಲ್ಲಿ ಕೂತಿರೋರಿಗೆ ನಾಳೆ ಪೇಪರಲ್ಲಿ ಏನು ಕಾಣುತ್ತೆ ಅಂದ್ಕೊಂಡಿದೀರಿ? ಆ ಉದ್ದನೆಯವಳು ಸುಮ್ನೆ ಹೇಳಿಕೊಟ್ಟಿದ್ದು ಒಪ್ಪಿಸಿದ್ಲು ಅಂತ. ಅರ್ಜಿಗೆ ಸಹಿ ಹಾಕಿದೋರು ಏನಂತಾರೆ?"

"ಎರಡು ವರ್ಷ ಕಣೆ! ನಿನ್ನ ಮಂಡಿ—"

"ಮಂಡಿ ನನ್ನದು ಅಕ್ಕ."

ಹದಿನಾರು ವರ್ಷದಲ್ಲಿ ಮೊದಲ ಸಲ ದನಿ ಎತ್ತಿದಳು. ಟೇಪಿನ ಬಾಲ ಜೋತಾಡಿಸಿಕೊಂಡೇ ಹೊರಟುಹೋದಳು.

ಅಕ್ಟೋಬರ್ ೧೫, ಬೆಳಗ್ಗೆ ೧೦

ಎರಡು ದಿನದಿಂದ ನನ್ನ ಬೆಂಚಿಗೆ ಬಂದಿಲ್ಲ. ತಾನೇ ಸುತ್ತಿಕೊಳ್ಳುತ್ತಾಳೆ, ಹಲ್ಲಲ್ಲಿ ಕಚ್ಚಿ ಹರಿದು. ಬಲಗೈ ನೋಡಲಾಗದು. ಸೊಟ್ಟ, ಪಟ್ಟ, ಒಂದು ಬೆರಳಿಗೆ ಗಂಟು ಬೇರೆ. ನೋಡಿದರೆ ನನಗೆ ಮೈ ಉರಿಯುತ್ತದೆ. ಈಚೆಗೆ ಮತ್ತೆ ಮೂವರು ಬಿಡುಗಡೆಯಾಗಿ ಈಗ ಮೂರು ಹೆಸರು ಉಳಿದಿವೆ, ಅವನ್ನೂ ತಾನೇ ಗೀಚಿಕೊಂಡಿದ್ದಾಳೆ, ಇರುವೆ ನಡೆದ ಹಾಗೆ.

ಇವತ್ತು ಬ್ಲಾಕಿನಲ್ಲಿ ಕಿರುಬೆರಳು ಉಳುಕಿತು. ಸರಿಯಾಗಿ ಸುತ್ತದಿದ್ದರೆ ಇನ್ನೇನಾಗುತ್ತದೆ? ಓಡಿದೆ. ಕೈ ಕೊಟ್ಟಳು, ಮುಖ ಆ ಕಡೆ. ಎಳೆದು ಕೂರಿಸಿದೆ. ಕಣ್ಣಲ್ಲಿ ನೀರು ಬಂತು, ಇಬ್ಬರಿಗೂ.

"ಟೇಪಿಗೆ ಅವಮಾನ ಮಾಡಿದೀಯ," ಎಂದೆ.

"ಕಲಿಸಿದೋರು ಸರಿ ಇಲ್ಲ," ಎಂದಳು, ಆ ಕಡೆ ನೋಡುತ್ತಲೇ.

ಎಂಟೂ ಬಿಚ್ಚಿ ಹೊಸದಾಗಿ ಸುತ್ತಿದೆ. ಕೋಚ್ ಸೀಟಿ ಊದಲಿಲ್ಲ, ಕಾದರು. ಆದರೆ ಆ ಕಾಗದದ ಮಾತು ಇಬ್ಬರೂ ಎತ್ತಲಿಲ್ಲ.

ಅಕ್ಟೋಬರ್ ೧೭, ಸಂಜೆ ೭

ಇವರು ಹೇಳಿಕೆ ಟೈಪ್ ಮಾಡಿಸಿ ತಂದರು. ಒಂದು ಪುಟ. ಸಹಿ ಹಾಕಿದೆ. "ಅವಳು ನಿನ್ನ ಜೊತೆ ಜನ್ಮದಲ್ಲಿ ಮಾತಾಡಲ್ಲ" ಎಂದರು. ಮಾತಾಡದಿದ್ದರೆ ಬೇಡ. ಆ ಕಪ್ಪಿನಲ್ಲಿ ಮುಂದೆ ನಿಂತು ರಾಷ್ಟ್ರಗೀತೆ ಹಾಡಲಿ, ನಾನು ಟೀವಿಯಲ್ಲಿ ನೋಡುತ್ತೇನೆ.

ಇಷ್ಟು ಬರೆದು ಪೆನ್ನು ಮುಚ್ಚಿದೆ. ಮತ್ತೆ ತೆರೆದೆ. ಆ ಪುಟದಲ್ಲಿ ಒಂದು ಸಾಲಿದೆ, ‘ಸ್ವಂತ ವಿಚಾರ ಇಲ್ಲದ ಮುಗ್ಧ ಆಟಗಾರ್ತಿ’ ಎಂದು. ಸೆಕ್ರೆಟರಿ ಹೇಳಿಕೊಟ್ಟ ಸಾಲು. ಬೇಡವೆಂದರೂ ಅದೇ ಕಣ್ಣಿಗೆ ಬೀಳುತ್ತದೆ. ತೊದಲುತ್ತ, ಅಂಕಿ ತಪ್ಪಿ, ತಾನೇ ತಿದ್ದಿಕೊಂಡು ನಾಲ್ಕು ನಿಮಿಷ ಮಾತಾಡಿದವಳು ಮತ್ತೆ ಯಾರು?

ಅಕ್ಟೋಬರ್ ೧೮, ಬೆಳಗ್ಗೆ ೧೦:೨೦

ಫೆಡರೇಷನ್ ಕಾರಿಡಾರು. ಮರದ ಬೆಂಚು, ಬೆನ್ನಿಗೆ ಒರಗು ಇಲ್ಲ. ಇಲ್ಲಿ ದಿನಾ ಕಾಯುವವರ ಸೊಂಟದ ಗತಿ ಏನು? ಕೈ ಸುಮ್ಮನಿರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹತ್ತಕ್ಕೆ ಅವಳು ಒಳಗೆ ಹೋದಳು. ನನ್ನನ್ನು ನೋಡಿರಲಿಲ್ಲ, ಕಂಬದ ಹಿಂದೆ ಇದ್ದೆ. ಒಳ್ಳೆಯ ಶರ್ಟು ಹಾಕಿದ್ದಾಳೆ, ಇಸ್ತ್ರಿ ಒಂದೇ ಕಡೆ ಮಾಡಿದ್ದಾಳೆ. ಬೆಳಗ್ಗೆ ಪೇಪರಿನಲ್ಲಿತ್ತು, ಇನ್ನಿಬ್ಬರು ಹೊರಗೆ ಬಂದರಂತೆ. ಉಳಿದವಳು ಒಬ್ಬಳೇ, ಎಡಗೈ ಉಂಗುರಬೆರಳು. ಆ ಗಿಡ್ಡ ಹೆಂಗಸು.

೧೦:೩೫

ಬಾಗಿಲು ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ದನಿ ಕೇಳುತ್ತದೆ. ಸೆಕ್ರೆಟರಿ ಮೆತ್ತಗೆ ಏನೋ ಕೇಳಿದರು. "ಯಾರ ಒತ್ತಾಯನೂ ಇಲ್ಲ" ಎಂದಳು. ಮತ್ತೆ ಕೇಳಿದರು. "ಬರೆಸಿಕೊಂಡಿದ್ದು ನಾನು. ಬರೆದವರ ಹೆಸರು ಹೇಳಲ್ಲ." ಮೂರನೇ ಸಲ ಇನ್ನೊಬ್ಬರು ಕೇಳಿದರು—ಕಪ್ ಬೇಡವಾ ನಿಮಗೆ?



"ಬೇಕು ಸಾರ್," ಎಂದಳು. "ತುಂಬಾ ಬೇಕು." ಎದ್ದು ಒಳಗೆ ನುಗ್ಗಬೇಕೆನಿಸಿತು.

ಇದು ಯಾರೋ ಹೇಳಿಕೊಟ್ಟ ಮಾತಲ್ಲ. ಇಷ್ಟು ಬೇಕಾಗಿದ್ದನ್ನು ಪಕ್ಕಕ್ಕಿಟ್ಟು ಕೂತಿದ್ದಾಳೆ, ನಾನು ಹೋಗಿ ಅದು ಅವಳದ್ದಲ್ಲ, ನನ್ನದು ಎನ್ನಲೇ? ಅವಳನ್ನು ಉಳಿಸುತ್ತೇನೆಂದು ಹೊರಟು ಅವಳನ್ನೇ ಅಳಿಸಿ ಬರುವುದೇ?

೧೦:೫೦

ನೀರಿನ ಜಗ್ಗು ಹಿಡಿದ ಅಟೆಂಡರ್ ಒಳಗೆ ಹೋಗಿ ಬಂದ. ನನ್ನ ಹತ್ತಿರ ನಿಂತ. ವಯಸ್ಸಾದವ, ಮರುಕದ ಮುಖ.

"ಮುಂದಿನದು ನೀವಂತೆ, ಕರೀತಾರೆ. ಅಮ್ಮ, ಒಳಗಿರೋ ಉದ್ದನೆ ಹುಡುಗಿ ನಿಮ್ಮ ಮಗಳಾ?"

ಹೌದು ಅಂದೆ.

ಇವತ್ತಿಗೆ ಇದೊಂದು ಸುಳ್ಳು ಸಾಕು. ಟೈಪ್ ಮಾಡಿದ ಕಾಗದ ಹರಿದು ಚೀಲದ ತಳಕ್ಕೆ ಹಾಕಿದ್ದೇನೆ. ಅವಳು ಕೇಳಿದಳು, ನಾನು ಬರೆದೆ, ಇಬ್ಬರಿಗೂ ಬುದ್ಧಿ ನೆಟ್ಟಗಿತ್ತು, ಇಷ್ಟೇ ಹೇಳುವುದು. ನನಗೂ ಶಿಕ್ಷೆ ಕೊಡಲಿ, ಅವಳಿಗೆ ಕೊಟ್ಟಷ್ಟೇ ಕೊಡಲಿ.

ಬಾಗಿಲು ತೆರೆಯಿತು. ಅವಳು ಕೂತಲ್ಲಿಂದಲೇ ನನ್ನನ್ನು ಕಂಡಳು. ಮೊದಲು ಮುಖ ಕಪ್ಪಿಟ್ಟಿತು. ನನ್ನ ಕೈ ನೋಡಿದಳು, ಈ ಡೈರಿ ಬಿಟ್ಟು ಬೇರೆ ಕಾಗದ ಇಲ್ಲದ್ದು ನೋಡಿದಳು. ಈಗ ಎದ್ದು, ಅಷ್ಟು ಜನರ ಮುಂದೆ, ಮೂಲೆಯ ಖಾಲಿ ಕುರ್ಚಿಯನ್ನು ದರದರನೆ ಎಳೆದು ತನ್ನ ಕುರ್ಚಿಯ ಪಕ್ಕಕ್ಕೆ ಹಾಕುತ್ತಿದ್ದಾಳೆ, ನನಗೆ.